ಅಳಿಸಿಹೋದ ಒಂದು ಸಾಲು

ಶುಕ್ರವಾರದ ನಮಾಜು ಮುಗಿಸಿ ಹೊರಗೆ ಬಂದರೆ ಮಸೀದಿಯ ಗೇಟಿನ ಬಳಿ ಅತ್ತರು, ಟೋಪಿ, ಮಿಸ್ವಾಕುಗಳ ಪಕ್ಕದಲ್ಲಿ ಒಂದು ಮೇಜು ಇರುತ್ತದೆ. ಅದರ ಮೇಲೆ ಕಲೌಂಜಿ ಎಣ್ಣೆಯ ಸೀಸೆಗಳು, ಮಂಡಿನೋವಿನ ಪುಡಿ, ಸಕ್ಕರೆ ಕಾಯಿಲೆಯ ಪುಡಿ. ಅದೇ ಊರಿನ ಜಾತ್ರೆಗೆ ಹೋದರೆ ಅಲ್ಲಿಯೂ ಒಂದು ಮೇಜು. ಅಲ್ಲಿ ಅಮೃತಬಳ್ಳಿಯ ರಸ, ನೆಲ್ಲಿಯ ರಸ, ಮತ್ತೆ ಅದೇ ಮಂಡಿನೋವಿನ ಪುಡಿ. ಒಂದರ ಮೇಲೆ ಹಸಿರು ಗುಮ್ಮಟದ ಚಿತ್ರ, ಇನ್ನೊಂದರ ಮೇಲೆ ಜಟಾಧಾರಿ ಋಷಿಯ ಚಿತ್ರ. ಕೆಳಗಿನ ಒಕ್ಕಣೆ ಮಾತ್ರ ಒಂದೇ: ಸಂಪೂರ್ಣ ನೈಸರ್ಗಿಕ, ಯಾವುದೇ ಸೈಡ್ ಎಫೆಕ್ಟ್ ಇಲ್ಲ. ನಮ್ಮ ಎರಡು ಸಮುದಾಯಗಳ ನಡುವೆ ಇಷ್ಟು ಸಂಪೂರ್ಣವಾದ ಒಮ್ಮತವನ್ನು ನಾನು ಬೇರೆ ಯಾವ ವಿಷಯದಲ್ಲೂ ಕಂಡಿಲ್ಲ.

ನಾನು ವೈದ್ಯನಲ್ಲ, ಕತೆ ಬರೆಯುವವನು. ಆದ್ದರಿಂದ ಗಿಡಮೂಲಿಕೆಗಳ ಬಗ್ಗೆ ಹೇಳುವ ಅಧಿಕಾರ ನನಗೆಷ್ಟಿದೆ ಎಂದು ಕೇಳಿದರೆ ಉತ್ತರವಿಲ್ಲ. ಆದರೆ ಒಂದು ವಾಕ್ಯವನ್ನು ವಾಕ್ಯವಾಗಿ ಓದುವ, ಅದು ಏನನ್ನು ಹೇಳುತ್ತಿದೆ ಮತ್ತು ಏನನ್ನು ಮುಚ್ಚಿಡುತ್ತಿದೆ ಎಂದು ಕೇಳುವ ಅಭ್ಯಾಸ ನನಗಿದೆ. 'ಸೈಡ್ ಎಫೆಕ್ಟ್ ಇಲ್ಲ' ಎಂಬ ಈ ವಾಕ್ಯ ನಮ್ಮ ಪರಂಪರೆಯ ಮಾತೆಂದು ಎಲ್ಲರೂ ನಂಬಿದ್ದಾರೆ. ಅದು ಪರಂಪರೆಯ ಮಾತಲ್ಲ, ಪರಂಪರೆಯಿಂದ ಒಂದು ಸಾಲನ್ನು ಅಳಿಸಿ ಹಾಕಿದ ಮೇಲೆ ಹುಟ್ಟಿದ ಮಾತು ಎಂಬುದು ನನ್ನ ವಾದ. ಈ ವಾದಕ್ಕೆ ನಾನು ಪುಸ್ತಕದಿಂದ ಬಂದವನಲ್ಲ, ನನ್ನ ಖಾಲಾ ಅವರ ಹಾಸಿಗೆಯ ಪಕ್ಕದಿಂದ ಬಂದವನು.

ಖಾಲಾ ಎಂದರೆ ನನ್ನ ತಾಯಿಯ ಅಕ್ಕ. ಅರವತ್ತು ದಾಟಿದ ಮೇಲೆ ಅವರಿಗೆ ಮಂಡಿನೋವು ಹಿಡಿಯಿತು. ನಮಾಜಿಗೆ ಕುರ್ಚಿ ಹಾಕಿಕೊಳ್ಳಬೇಕಾಯಿತು. ಅದು ಅವರಿಗೆ ನೋವಿಗಿಂತ ದೊಡ್ಡ ಅವಮಾನವಾಗಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಮೂರು ಗಂಟೆ ಕಾದು, ಮೂರು ನಿಮಿಷ ಡಾಕ್ಟರ ಮುಂದೆ ಕೂತು, ಒಂದು ಚೀಟಿ ಹಿಡಿದು ವಾಪಸು ಬಂದೆವು. ಆ ಡಾಕ್ಟರು ಖಾಲಾ ಅವರ ಮುಖವನ್ನು ನೋಡಿದ್ದು ನನಗೆ ನೆನಪಿಲ್ಲ. ಮರುವಾರ ಯಾರೋ ಒಬ್ಬರು ಒಂದು ಡಬ್ಬಿ ಪುಡಿ ತಂದುಕೊಟ್ಟರು. ಹತ್ತು ದಿನದಲ್ಲಿ ಖಾಲಾ ನೆಲದ ಮೇಲೆ ಸಜ್ದಾ ಮಾಡತೊಡಗಿದರು. ಮನೆಯಲ್ಲಿ ಎಲ್ಲರಿಗೂ ಸಂತೋಷ. ನಾನು ಡಬ್ಬಿಯ ಮೇಲೆ ಅದರಲ್ಲಿ ಏನೇನಿದೆ ಎಂದು ಹುಡುಕಿದರೆ 'ಅಪರೂಪದ ಗಿಡಮೂಲಿಕೆಗಳು' ಎಂದಷ್ಟೇ ಇತ್ತು. "ಇದರಲ್ಲಿ ಏನಿದೆ ಖಾಲಾ, ಕೇಳಿದ್ದೀರಾ?" ಎಂದೆ. "ಕುಚ್ ನೈ ಹೋತಾ ಬೇಟಾ, ಜಡಿಬೂಟಿ ಹೈ" ಎಂದರು. ಏನೂ ಆಗುವುದಿಲ್ಲ ಮಗನೇ, ಗಿಡಮೂಲಿಕೆ ಅಲ್ಲವೇ.

ಎಂಟು ತಿಂಗಳಲ್ಲಿ ಅವರ ಮುಖ ದುಂಡಗಾಯಿತು. 'ಆರೋಗ್ಯ ಬಂದಿದೆ' ಎಂದರು ನೆಂಟರು. ಮುಟ್ಟಿದಲ್ಲೆಲ್ಲ ಚರ್ಮ ಕಂದುತ್ತಿತ್ತು. ಯಾವತ್ತೂ ಇರದಿದ್ದ ಸಕ್ಕರೆ ಕಾಯಿಲೆ ಕಾಣಿಸಿತು. ಒಂದು ಶುಕ್ರವಾರ ಪುಡಿಯವನು ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಪುಡಿ ನಿಂತ ನಾಲ್ಕನೆಯ ದಿನ ಖಾಲಾ ವಾಂತಿ ಮಾಡಿಕೊಂಡು ಎದ್ದು ನಿಲ್ಲಲಾಗದೆ ಕುಸಿದರು. ರಕ್ತದೊತ್ತಡ ಪಾತಾಳಕ್ಕೆ ಇಳಿದಿತ್ತು. ಈ ಸಲ ಸಿಕ್ಕಿದ ಡಾಕ್ಟರು ಒಬ್ಬ ಹುಡುಗಿ. ಆಕೆ ಖಾಲಾ ಅವರ ಮುಖವನ್ನು ನೋಡಿದರು, ನೋಡಿದ ಕೂಡಲೇ "ಯಾವ ಪುಡಿ ತಿನ್ನುತ್ತಿದ್ದಿರಿ ಅಮ್ಮ?" ಎಂದು ಕೇಳಿದರು. ರಕ್ತದಲ್ಲಿ ಕಾರ್ಟಿಸಾಲ್ ಕುಸಿದಿತ್ತು. ಗಿಡಮೂಲಿಕೆಯ ಹೆಸರಿನ ನೋವಿನ ಪುಡಿಗಳಲ್ಲಿ ಸ್ಟಿರಾಯ್ಡ್ ಮಾತ್ರೆಗಳನ್ನು ಅರೆದು ಬೆರೆಸುವುದು ಹೊಸ ಸಂಗತಿಯಲ್ಲ ಎಂದು ಆಕೆ ವಿವರಿಸಿದರು. ಹೊರಗಿನಿಂದ ತಿಂಗಳುಗಟ್ಟಲೆ ಸ್ಟಿರಾಯ್ಡ್ ಬರುತ್ತಿದ್ದರೆ ದೇಹ ತನ್ನದನ್ನು ತಯಾರಿಸುವುದನ್ನು ಮರೆತುಬಿಡುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಕುತ್ತು. ನಮ್ಮ ಡಬ್ಬಿ ಖಾಲಿಯಾಗಿತ್ತು. ಪರೀಕ್ಷೆಗೆ ಕಳಿಸಲು ಒಂದು ಚಿಟಿಕೆಯೂ ಉಳಿದಿರಲಿಲ್ಲ. ಹಾಗಾಗಿ ಯಾರ ಮೇಲೂ ದೂರು ಕೊಡಲಾಗಲಿಲ್ಲ. ಖಾಲಾ ಬದುಕಿದರು. ಆದರೆ ಮೂಳೆಗಳು ಸವೆದಿದ್ದವು. ಆರು ತಿಂಗಳ ನಂತರ ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡವರು ಮತ್ತೆ ನೆಲದ ಮೇಲೆ ಸಜ್ದಾ ಮಾಡಲಿಲ್ಲ.

'ಅದು ಮೋಸದ ಪುಡಿ, ಅಸಲಿ ಮೂಲಿಕೆಯಾಗಿದ್ದರೆ ಹೀಗಾಗುತ್ತಿರಲಿಲ್ಲ' ಎಂದು ಅನೇಕರು ನನಗೆ ಹೇಳಿದರು. ಈ ಸಮಾಧಾನವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಲಬೆರಕೆ ಮಾಡಿದವನು ಮೋಸಗಾರ, ನಿಜ. ಆದರೆ ಅವನು ಗೆದ್ದದ್ದು ಸ್ಟಿರಾಯ್ಡಿನಿಂದ ಮಾತ್ರವಲ್ಲ. 'ಜಡಿಬೂಟಿ, ಏನೂ ಆಗುವುದಿಲ್ಲ' ಎಂಬ ನಂಬಿಕೆ ಮೊದಲೇ ಮನೆಯೊಳಗೆ ಬಂದು ಕೂತಿತ್ತು. ಅವನು ಆ ನಂಬಿಕೆ ತೆರೆದಿಟ್ಟ ಬಾಗಿಲಿನಿಂದ ಒಳಗೆ ಬಂದ. ಈ ನಂಬಿಕೆ ಎಲ್ಲಿಂದ ಬಂತು?

ನಮ್ಮ ನಾನಾ ಅವರ ಕಾಲದ ಒಂದು ಉರ್ದು ಪುಸ್ತಕ ನಮ್ಮ ಮನೆಯಲ್ಲಿದೆ. ಮುಫ್ರದಾತ್, ಅಂದರೆ ಒಂಟಿ ಮದ್ದುಗಳ ಪುಸ್ತಕ. ಮುಖಪುಟ ಹೋಗಿದೆ, ಬರೆದವರ ಹೆಸರು ತಿಳಿಯದು. ಖಾಲಾ ಆಸ್ಪತ್ರೆಯಲ್ಲಿದ್ದಾಗ ರಾತ್ರಿಗಳಲ್ಲಿ ನಾನು ಇದನ್ನು ಓದಿದೆ. ಪ್ರತಿ ಮೂಲಿಕೆಯ ಎದುರು ನಿಯಮಬದ್ಧವಾಗಿ ಕೆಲವು ಸಾಲುಗಳಿವೆ. ಮೊದಲು ಬೇರೆ ಬೇರೆ ಭಾಷೆಗಳಲ್ಲಿ ಅದರ ಹೆಸರು. ಆಮೇಲೆ ಮಿಜಾಜ್, ಅಂದರೆ ಉಷ್ಣವೋ ಶೀತವೋ ಎಂಬ ಅದರ ಸ್ವಭಾವ. ಆಮೇಲೆ ಅದು ಮಾಡುವ ಕೆಲಸ. ಆಮೇಲೆ ಮುಜಿರ್, ಅಂದರೆ ಅದು ಯಾವ ಅಂಗಕ್ಕೆ ಕೇಡು ಮಾಡುತ್ತದೆ ಎಂಬುದು. ಅದರ ಬೆನ್ನಿಗೇ ಮುಸ್ಲಿಹ್, ಅಂದರೆ ಆ ಕೇಡನ್ನು ತಿದ್ದಲು ಜೊತೆಗೆ ಕೊಡಬೇಕಾದದ್ದು. ಕೊನೆಗೆ ಬದಲಿ ಮದ್ದು ಮತ್ತು ಕೊಡಬೇಕಾದ ಪ್ರಮಾಣ. ಇದು ನಮ್ಮ ಮನೆಯ ಪುಸ್ತಕದ ವಿಶೇಷವೇನಲ್ಲ. 18ನೆಯ ಶತಮಾನದಲ್ಲಿ ಭಾರತದಲ್ಲಿಯೇ ಪಾರಸಿಯಲ್ಲಿ ರಚನೆಯಾದ 'ಮಖ್ಜನುಲ್ ಅದ್ವಿಯಾ'ದಂಥ ದೊಡ್ಡ ಗ್ರಂಥಗಳಿಂದ ಹಿಡಿದು ಯುನಾನಿ ಕಾಲೇಜಿನ ಪಠ್ಯಗಳವರೆಗೆ ನಡೆದು ಬಂದ ಕ್ರಮ ಇದು.

ಸೋನಾಮುಖಿಯನ್ನೇ ತೆಗೆದುಕೊಳ್ಳಿ. ಮಲಬದ್ಧತೆಗೆ ಇದು ಪಕ್ಕಾ ಮದ್ದು. ಅಲೋಪತಿಯವರೂ ಇದರ ಮಾತ್ರೆ ಬರೆಯುತ್ತಾರೆ. ಹಕೀಮರು ಇದರ ಎದುರು 'ಹೊಟ್ಟೆ ಮುರಿಯುತ್ತದೆ, ಗುಲಾಬಿಯ ಎಸಳು ಇಲ್ಲವೇ ಬಾದಾಮಿ ಎಣ್ಣೆಯ ಜೊತೆ ಕೊಡಿ' ಎಂದು ಬರೆದುಕೊಂಡಿದ್ದರು. ಕಾಸರ್ಕದ ಬೀಜ, ಅಂದರೆ ಕುಚಲಾ, ನೇರವಾಗಿ ವಿಷ. ಅದನ್ನು ದಿನಗಟ್ಟಲೆ ಒದ್ದೆ ಮಣ್ಣಿನಲ್ಲಿ ಹೂತಿಟ್ಟು, ಸಿಪ್ಪೆ ಸುಲಿದು, ನಡುವಿನ ಮೊಳಕೆ ಕಿತ್ತು, ಹಾಲಿನಲ್ಲಿ ಕುದಿಸಿದ ಮೇಲೆಯೇ ಮದ್ದಿಗೆ ಮುಟ್ಟುತ್ತಿದ್ದರು. ಆಯುರ್ವೇದದಲ್ಲೂ ಶೋಧನ ಎಂಬ ಹೆಸರಿನಲ್ಲಿ ಇದೇ ಎಚ್ಚರ ಇದೆ. ಎಲೆ, ಬೇರು, ಬೀಜಗಳು ಕೆಲಸ ಮಾಡುತ್ತವೆ ಎಂದು ನಂಬಿದವರು, ಕೆಲಸ ಮಾಡುವ ಯಾವುದೂ ಕೇಡು ಮಾಡದೆ ಇರಲಾರದು ಎಂಬುದನ್ನೂ ನಂಬಿದ್ದರು. ಮೊದಲನೆಯ ನಂಬಿಕೆ ಉಳಿದು ಎರಡನೆಯದು ಉದುರಿಹೋದಾಗ ಮಿಕ್ಕಿದ್ದು ವೈದ್ಯವಲ್ಲ, ವ್ಯಾಪಾರ.

ಹಳೆಯ ಪುಸ್ತಕದ ಮುಜಿರ್ ಸಾಲುಗಳೆಲ್ಲ ಇವತ್ತಿನ ವಿಜ್ಞಾನಕ್ಕೆ ಸರಿಹೊಂದುತ್ತವೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಊಹೆಗಳಿವೆ, ತಪ್ಪುಗಳಿವೆ. ಇನ್ನು ಕೆಲವು ಕೇಡುಗಳು ಆ ಸಾಲಿನಲ್ಲಿ ಇರಲೂ ಸಾಧ್ಯವಿರಲಿಲ್ಲ. ಈಶ್ವರಿ ಬೇರು ಎಂದು ನಮ್ಮಲ್ಲಿ ಕರೆಯುವ ಬಳ್ಳಿ, ಯುನಾನಿಯವರು ಜರಾವಂದ್ ಎನ್ನುವ ಬೇರು ಎಲ್ಲವೂ ಅರಿಸ್ಟೊಲೋಕಿಯಾ ಎಂಬ ಒಂದೇ ಕುಲಕ್ಕೆ ಸೇರಿದವು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ತಿಂದ ಹೆಂಗಸರ ಮೂತ್ರಪಿಂಡಗಳು ಒಬ್ಬರ ಹಿಂದೊಬ್ಬರಂತೆ ಕೆಟ್ಟವು. ಅಂಥವರ ಸಂಖ್ಯೆ ನೂರು ದಾಟಿತು. ಒಂದು ಮೂಲಿಕೆಯ ಬದಲಿಗೆ ಅರಿಸ್ಟೊಲೋಕಿಯಾದ ಬೇರು ಸೇರಿಹೋಗಿತ್ತು. ಅದರಲ್ಲಿರುವ ಆಮ್ಲ ಮೂತ್ರಪಿಂಡವನ್ನು ಕೆಡಿಸುವುದಲ್ಲದೆ ಕ್ಯಾನ್ಸರನ್ನೂ ತರುತ್ತದೆ ಎಂಬುದು ಈಗ ಸಾಬೀತಾದ ಸಂಗತಿ. ಇಂದು ತಿಂದದ್ದರ ಫಲ ಹತ್ತು ವರ್ಷದ ಮೇಲೆ ಬಂದರೆ ಯಾವ ಹಕೀಮನ, ಯಾವ ಪಂಡಿತನ ಅನುಭವಕ್ಕೆ ಅದು ದಕ್ಕೀತು? 'ಸಾವಿರಾರು ವರ್ಷದಿಂದ ಬಳಸುತ್ತಿದ್ದೇವೆ' ಎಂಬ ವಾದದ ಸೋಲು ಇಲ್ಲಿದೆ. ಮದ್ದು ತಿಂದ ಕೂಡಲೇ ಬರುವ ವಾಂತಿಯನ್ನು ಅನುಭವ ಹಿಡಿಯುತ್ತದೆ. ನಿಧಾನದ ಕೇಡನ್ನು ಹಿಡಿಯಲು ಲೆಕ್ಕ ಬೇಕು, ದಾಖಲೆ ಬೇಕು.

ಹೆಸರಿನ ಗೊಂದಲ ನಮ್ಮಲ್ಲೂ ಕಡಿಮೆಯಿಲ್ಲ. ತುಳುನಾಡಿನವರು ತಿಮರೆ ಎಂದು ಚಟ್ನಿ ಅರೆಯುವ, ಮಲೆನಾಡಿನವರು ಒಂದೆಲಗ ಎಂದು ತಂಬುಳಿ ಮಾಡುವ ಎಲೆಯನ್ನು ಎಷ್ಟೋ ಕಡೆ ಬ್ರಾಹ್ಮಿ ಎನ್ನುತ್ತಾರೆ. ಬೇರೆಯವರಿಗೆ ಬ್ರಾಹ್ಮಿ ಎಂದರೆ ನೀರುಬ್ರಾಹ್ಮಿ, ಅದು ಬೇರೆಯೇ ಗಿಡ. ಇವೆರಡನ್ನೂ ಸಾಮಾನ್ಯವಾಗಿ ಸಾಧುವೆಂದೇ ಎಣಿಸುತ್ತಾರೆ. ಆದರೆ ಕೊರೋನಾ ಕಾಲದಲ್ಲಿ ಅಮೃತಬಳ್ಳಿಯ ಹೆಸರಿನಲ್ಲಿ ಏನಾಯಿತು ನೋಡಿ. ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಜನ ಬೇಲಿಯ ಮೇಲಿನ ಬಳ್ಳಿಯನ್ನು ಕಿತ್ತು ದಿನವೂ ಕಷಾಯ ಕುಡಿದರು. 2021ರಲ್ಲಿ ಮುಂಬೈಯ ವೈದ್ಯರು ಹೀಗೆ ಕುಡಿದ ಆರು ಮಂದಿಯ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ವರದಿ ಮಾಡಿದರು. ಮುಂದಿನ ವರ್ಷ ದೇಶದ 13 ಕೇಂದ್ರಗಳಿಂದ 43 ಮಂದಿಯ ವರದಿ ಬಂತು. ಆಯುಷ್ ಸಚಿವಾಲಯ ಮೊದಲ ವರದಿಯನ್ನು ಒಪ್ಪಲಿಲ್ಲ. ಅಮೃತಬಳ್ಳಿಯಂತೆಯೇ ಕಾಣುವ ಇನ್ನೊಂದು ಬಳ್ಳಿಯನ್ನು ಜನ ಕುಡಿದಿರಬಹುದು ಎಂಬ ವಾದ ಬಂತು. ಆ ವಾದವೇ ನಿಜವೆಂದು ಇಟ್ಟುಕೊಳ್ಳೋಣ. ಆಗಲೂ ಉಳಿಯುವ ಪ್ರಶ್ನೆ ಒಂದೇ: ಎರಡು ಬಳ್ಳಿಗಳ ವ್ಯತ್ಯಾಸವನ್ನು ಹೇಳದೆ, ಯಾರು ಕುಡಿಯಬಾರದೆಂದು ಹೇಳದೆ, ಎಷ್ಟು ದಿನವೆಂದು ಹೇಳದೆ, ಇಡೀ ದೇಶಕ್ಕೆ ಕಷಾಯ ಕುಡಿಸಿದವರು ಯಾರು? ಅವರ ಪುಸ್ತಕದಲ್ಲಿ ಮುಜಿರ್ ಎಂಬ ಸಾಲು ಎಲ್ಲಿತ್ತು?

ನಮ್ಮ ಕಡೆಯ ವ್ಯಾಪಾರಕ್ಕೆ ಇನ್ನೊಂದು ಗುರಾಣಿಯಿದೆ. ಅದರ ಹೆಸರು ತಿಬ್ಬೆ ನಬವಿ, ಪ್ರವಾದಿಯವರ ವೈದ್ಯ. ಕರಿಜೀರಿಗೆಯಲ್ಲಿ ಸಾವಿನ ಹೊರತು ಎಲ್ಲಕ್ಕೂ ಶಮನವಿದೆ ಎಂಬ ಅರ್ಥದ ಹದೀಸು ಎಲ್ಲ ಸೀಸೆಗಳ ಮೇಲೂ ಇರುತ್ತದೆ. ಸೀಸೆಯ ಮೇಲೆ ಹದೀಸು ಬಂದ ಕೂಡಲೇ ಪ್ರಶ್ನೆ ಕೇಳುವವನು ಈಮಾನಿನ ಪರೀಕ್ಷೆಗೆ ನಿಂತಂತಾಗುತ್ತದೆ. ಆದರೆ ಅಲ್ಲಿ 'ಎಲ್ಲ' ಎಂಬುದು ಎಲ್ಲ ಕಾಯಿಲೆಗಳಲ್ಲ, ಕೆಲವು ಬಗೆಯವು ಮಾತ್ರ ಎಂದು ಹಳೆಯ ವ್ಯಾಖ್ಯಾನಕಾರರಲ್ಲೇ ಕೆಲವರು ಬಿಡಿಸಿ ಹೇಳಿದ್ದರು. 14ನೆಯ ಶತಮಾನದ ಇಬ್ನ್ ಖಲ್ದೂನ್ ತನ್ನ 'ಮುಕದ್ದಿಮಾ'ದಲ್ಲಿ ಇನ್ನೂ ನೇರವಾಗಿ ಬರೆದ. ಪ್ರವಾದಿಯವರು ಬಂದದ್ದು ಧರ್ಮ ಕಲಿಸಲು, ವೈದ್ಯ ಕಲಿಸಲು ಅಲ್ಲ. ಆ ಮದ್ದುಗಳು ಅರಬರ ರೂಢಿಯ ಮದ್ದುಗಳೇ ಹೊರತು ದಿವ್ಯವಾಣಿಯ ಭಾಗವಲ್ಲ ಎಂಬುದು ಅವನ ನಿಲುವು. ಖರ್ಜೂರದ ಗಿಡಗಳ ಪರಾಗಸ್ಪರ್ಶದ ಪ್ರಸಂಗವನ್ನು ಅವನು ನೆನಪಿಸುತ್ತಾನೆ. ಲೋಕದ ಕಸುಬು ನಿಮಗೇ ಚೆನ್ನಾಗಿ ಗೊತ್ತು ಎಂದು ಪ್ರವಾದಿಯವರು ತೋಟಗಾರರಿಗೆ ಬಿಟ್ಟುಕೊಟ್ಟ ಪ್ರಸಂಗ ಅದು. ಇಬ್ನ್ ಖಲ್ದೂನನನ್ನು ಒಪ್ಪದವರೂ ಇದ್ದಾರೆ. ಅವರು ಬಹಳ ಗೌರವಿಸುವ ಇಬ್ನುಲ್ ಕಯ್ಯಿಮ್ ತಿಬ್ಬೆ ನಬವಿಯ ಬಗ್ಗೆಯೇ ಬರೆದವರು. ವೈದ್ಯ ತಿಳಿಯದೆ ವೈದ್ಯಕ್ಕಿಳಿದವನು ಆಗುವ ಹಾನಿಗೆ ಹೊಣೆಗಾರ ಎಂಬ ಹದೀಸನ್ನು ಅವರು ದೀರ್ಘವಾಗಿ ಚರ್ಚಿಸುತ್ತಾರೆ. ಕರಿಜೀರಿಗೆಯ ಹದೀಸು ಸೀಸೆಯ ಮೇಲಿದೆ. ಹೊಣೆಗಾರಿಕೆಯ ಹದೀಸನ್ನು ಯಾವ ಸೀಸೆಯ ಮೇಲೂ ನಾನು ಕಂಡಿಲ್ಲ.

ಇಲ್ಲಿ ಹಕೀಮ್ ಅಜ್ಮಲ್ ಖಾನರನ್ನು ನೆನೆಯಬೇಕು. 1921ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದ ಇವರು ದೆಹಲಿಯ ಹೆಸರಾಂತ ಹಕೀಮ್ ಮನೆತನದವರು. ಅವರು ಕಟ್ಟಿದ ಟಿಬ್ಬಿಯಾ ಕಾಲೇಜನ್ನು ಅದೇ ವರ್ಷ ಗಾಂಧೀಜಿ ಉದ್ಘಾಟಿಸಿದರು. ಅಲ್ಲಿ ಯುನಾನಿ, ಆಯುರ್ವೇದ ಎರಡನ್ನೂ ಒಂದೇ ಆವರಣದಲ್ಲಿ ಕಲಿಸುತ್ತಿದ್ದರು. ಅಜ್ಮಲ್ ಖಾನರು ತಮ್ಮ ಮದ್ದಿನ ಬಗ್ಗೆ ಅಳುಕಿದ್ದವರಲ್ಲ. ಆದ್ದರಿಂದಲೇ ಅದನ್ನು ಪ್ರಯೋಗಶಾಲೆಗೆ ಒಡ್ಡಲು ಹೆದರಲಿಲ್ಲ. ಜರ್ಮನಿಯಲ್ಲಿ ರಸಾಯನಶಾಸ್ತ್ರ ಕಲಿತು ಬಂದ ಸಲೀಮುಜ್ಜಮಾನ್ ಸಿದ್ದೀಕಿ ಎಂಬ ಯುವಕ ಅಲ್ಲಿಯ ಸಂಶೋಧನಾ ವಿಭಾಗದಲ್ಲಿ ಕೆಲಸ ಮಾಡಿದರು. ಹಕೀಮರು ಅಸ್ರೋಲ್ ಎನ್ನುವ, ನಾವು ಸರ್ಪಗಂಧ ಎನ್ನುವ ಬೇರಿನಿಂದ 1931ರಲ್ಲಿ ಒಂದು ಸಾರವನ್ನು ಬೇರ್ಪಡಿಸಿ, ಅಷ್ಟರಲ್ಲಿ ತೀರಿಕೊಂಡಿದ್ದ ಹಕೀಮರ ನೆನಪಿಗೆ ಅದಕ್ಕೆ ಅಜ್ಮಲೈನ್ ಎಂದು ಹೆಸರಿಟ್ಟರು. ಹೃದಯದ ಒಂದು ಬಗೆಯ ತಾಳತಪ್ಪುವಿಕೆಯನ್ನು ಪತ್ತೆಹಚ್ಚಲು ಈ ಸಾರವನ್ನು ಇವತ್ತೂ ಬಳಸುತ್ತಾರೆ. ಮುಂದೆ ಮುಂಬೈಯ ಡಾ. ರುಸ್ತುಂ ಜಾಲ್ ವಕೀಲ್ ಅದೇ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂಬುದನ್ನು ರೋಗಿಗಳ ಲೆಕ್ಕದ ಸಮೇತ 1949ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಬೇರೆಯಾಯಿತು. ಜಗತ್ತು ಕೆಲವು ಕಾಲ ಅದನ್ನು ನುಂಗಿತು. ಅದು ಕೆಲವರಲ್ಲಿ ಖಿನ್ನತೆ ತರುತ್ತದೆ ಎಂಬ ಆತಂಕ ಹುಟ್ಟಿದಾಗ, ಬೇರೆ ಮಾತ್ರೆಗಳೂ ಬಂದಾಗ, ಅದರ ಬಳಕೆ ಇಳಿಯಿತು.

ಈ ಕತೆಯನ್ನು ನಮ್ಮವರು 'ನೋಡಿ, ನಮ್ಮ ಬೇರನ್ನು ಲೋಕವೇ ಒಪ್ಪಿತು' ಎಂದು ಹೇಳಿ ನಿಲ್ಲಿಸುತ್ತಾರೆ. ಅರ್ಧ ಕತೆ ಅದು. ಲೋಕ ಒಪ್ಪಿದ್ದು ಬೇರಿನ ಒಳಿತನ್ನು ಮಾತ್ರವಲ್ಲ, ಅದರ ಕೇಡನ್ನೂ ಎಣಿಸಿತು. ಚೀನಾದ ತು ಯೂಯೂ 4ನೆಯ ಶತಮಾನದ ಗೆ ಹಾಂಗ್ ಎಂಬುವನ ಪುಸ್ತಕದಲ್ಲಿ ಜ್ವರಕ್ಕೆ ಒಂದು ಸೊಪ್ಪನ್ನು ತಣ್ಣೀರಲ್ಲಿ ನೆನೆಸಿ ಹಿಂಡುವ ವಿಧಾನ ಓದಿ, ಕುದಿಸುವುದರಿಂದಲೇ ಸಾರ ಹಾಳಾಗುತ್ತಿದೆಯೆಂದು ಊಹಿಸಿ, ಮಲೇರಿಯಾದ ಮದ್ದು ಕಂಡುಹಿಡಿದು 2015ರಲ್ಲಿ ನೊಬೆಲ್ ಪಡೆದರು. ಆಕೆ ಪ್ರಾಚೀನ ಪುಸ್ತಕವನ್ನು ಪೂಜಿಸಲಿಲ್ಲ, ಓದಿದರು. ಇಬ್ನ್ ಸೀನಾ ಕೂಡ ಇದನ್ನೇ ಬಯಸಿದ್ದ. 'ಕಾನೂನ್' ಗ್ರಂಥದಲ್ಲಿ ಮದ್ದನ್ನು ಪರೀಕ್ಷಿಸುವ ನಿಯಮಗಳನ್ನು ಅವನು ಪಟ್ಟಿ ಮಾಡಿದ್ದಾನೆ. ಮದ್ದಿನಲ್ಲಿ ಬೇರೇನೂ ಬೆರೆತಿರಬಾರದು; ಒಮ್ಮೆ ಗುಣವಾದರೆ ಸಾಲದು, ಫಲ ಮತ್ತೆ ಮತ್ತೆ ಕಾಣಬೇಕು; ಪ್ರಾಣಿಯ ಮೇಲೆ ಕಂಡದ್ದು ಮನುಷ್ಯನಿಗೆ ಸಲ್ಲಬೇಕಿಲ್ಲ. ಸಾವಿರ ವರ್ಷದ ಹಿಂದಿನ ಈ ಮಾತನ್ನು ನಮ್ಮ ಶುಕ್ರವಾರದ ಮೇಜಿಗೆ ಅನ್ವಯಿಸಿದರೆ ಎಷ್ಟು ಡಬ್ಬಿ ಉಳಿದೀತು?

ಕಾನೂನು ಇಲ್ಲವೆಂದಲ್ಲ. ಮದ್ದು ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ 1954ರಲ್ಲೇ ಬಂತು. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಸೇರಿ 54 ಕಾಯಿಲೆಗಳಿಗೆ ಮದ್ದೆಂದು ಸಾರುವುದನ್ನು ಅದು ತಡೆಯುತ್ತದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಪ್ರಸಿದ್ಧ ಹಮ್‌ದರ್ದ್ ದವಾಖಾನೆ ಒಂದು. 1959ರಲ್ಲಿ ನ್ಯಾಯಾಲಯ ಕಾಯ್ದೆಯ ಕೆಲವು ಅಂಶಗಳನ್ನು ಮಾತ್ರ ಕಿತ್ತುಹಾಕಿತು. ಇಂಥ ಜಾಹೀರಾತಿಗೆ ವಾಕ್ ಸ್ವಾತಂತ್ರ್ಯದ ರಕ್ಷೆಯಿಲ್ಲ ಎಂದಿತು. 2024ರಲ್ಲಿ ಅದೇ ನ್ಯಾಯಾಲಯ ದಾರಿತಪ್ಪಿಸುವ ಜಾಹೀರಾತಿಗಾಗಿ ಪತಂಜಲಿಯವರನ್ನು ತರಾಟೆಗೆ ತೆಗೆದುಕೊಂಡಿತು. ಅವರು ಪತ್ರಿಕೆಗಳಲ್ಲಿ ಕ್ಷಮೆ ಕೇಳಿದರು. ಹಕೀಮರ ಹೆಸರಿನವರು, ಬಾಬಾರ ಹೆಸರಿನವರು ಇಬ್ಬರೂ ಅರವತ್ತೈದು ವರ್ಷದ ಅಂತರದಲ್ಲಿ ಒಂದೇ ಕಟಕಟೆಗೆ ಬಂದರು. ಸಂಸ್ಕೃತಿಯ ಹೆಸರಿನಲ್ಲಿ ನಮ್ಮನ್ನು ಬೇರೆ ಬೇರೆ ಮಾಡುವವರು ಇದನ್ನು ಗಮನಿಸಬೇಕು.

ಹಾಗೆಂದು ಬಿಳಿ ಕೋಟಿನವರ ಉಡಾಫೆಯನ್ನು ನಾನು ಸಮರ್ಥಿಸಲಾರೆ. 'ಗಿಡಮೂಲಿಕೆಯೆಲ್ಲ ಮೂಢನಂಬಿಕೆ' ಎನ್ನುವ ಡಾಕ್ಟರ ಮುಂದೆ ರೋಗಿ ತಾನು ತಿನ್ನುವ ಪುಡಿಯ ಹೆಸರನ್ನೇ ಹೇಳುವುದಿಲ್ಲ. ಅತಿಮಧುರದ ಬೇರನ್ನು ಕೆಮ್ಮಿಗೆಂದು ದಿನವೂ ಜಗಿಯುವವನ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಡಾಕ್ಟರು ಕೇಳದೆ, ಅವನು ಹೇಳದೆ, ಮಾತ್ರೆಯ ಪ್ರಮಾಣ ಮಾತ್ರ ಏರುತ್ತ ಹೋಗುತ್ತದೆ. ನಮ್ಮೂರಿನಲ್ಲಿ ನನ್ನ ಬಾಲ್ಯದಲ್ಲಿ ಒಬ್ಬ ಹಕೀಮ್ ಸಾಬರಿದ್ದರು. ನಾಡಿ ಹಿಡಿದು ಹತ್ತು ನಿಮಿಷ ಕೂರುತ್ತಿದ್ದರು. ಏನು ಉಂಡಿರಿ, ನಿದ್ದೆ ಹೇಗಿದೆ, ಸೊಸೆ ಹೇಗಿದ್ದಾಳೆ ಎಂದು ಕೇಳುತ್ತಿದ್ದರು. ಒಮ್ಮೆ ನನ್ನ ತಮ್ಮನ ಹೊಟ್ಟೆ ಮುಟ್ಟಿ ನೋಡಿದವರೇ "ಇದು ನನ್ನ ಕೆಲಸವಲ್ಲ, ಈಗಲೇ ದೊಡ್ಡಾಸ್ಪತ್ರೆಗೆ ಒಯ್ಯಿರಿ" ಎಂದು ತಮ್ಮ ಜೇಬಿನಿಂದ ಬಸ್ಸಿನ ದುಡ್ಡು ಕೊಟ್ಟಿದ್ದರು. ಅಪೆಂಡಿಕ್ಸ್ ಒಡೆಯುವುದರಲ್ಲಿತ್ತು. ತನ್ನ ವಿದ್ಯೆ ಎಲ್ಲಿ ಮುಗಿಯುತ್ತದೆ ಎಂದು ತಿಳಿದಿದ್ದೇ ಅವರ ವಿದ್ಯೆಯಾಗಿತ್ತು. ಖಾಲಾ ಪುಡಿಯವನಲ್ಲಿ ಹುಡುಕಿದ್ದು ಈ ಹಕೀಮ್ ಸಾಬರನ್ನು. ಸಿಕ್ಕಿದ್ದು ಅವರ ವೇಷ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಕನ್ನಡದಲ್ಲಿ ಮನೆಮದ್ದಿನ ಪುಸ್ತಕಗಳು, ಅಂಕಣಗಳು ಯಥೇಚ್ಛವಾಗಿ ಬರುತ್ತಿವೆ. ಅವುಗಳಲ್ಲಿ ಪ್ರತಿ ಮೂಲಿಕೆಯ ಕೆಳಗೆ ಆ ಹಳೆಯ ಸಾಲನ್ನು ಮತ್ತೆ ಬರೆಯಿರಿ. ಇದು ಯಾವುದನ್ನು ಕೆಡಿಸುತ್ತದೆ, ಯಾರು ತಿನ್ನಬಾರದು, ಬಸುರಿ ತಿನ್ನಬಹುದೇ, ಯಾವ ಮಾತ್ರೆಯ ಜೊತೆ ಸೇರಬಾರದು, ಎಷ್ಟು ದಿನಕ್ಕೆ ನಿಲ್ಲಿಸಬೇಕು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ರಾಷ್ಟ್ರೀಯ ಯುನಾನಿ ಸಂಸ್ಥೆಯಿದೆ, ರಾಜ್ಯದ ತುಂಬ ಆಯುರ್ವೇದ ಕಾಲೇಜುಗಳಿವೆ. ತಿಳಿದವರಿಗೆ ಕೊರತೆಯಿಲ್ಲ. ಹೆಸರು, ಪ್ರಮಾಣ, ತಯಾರಕರ ವಿಳಾಸ ಇಲ್ಲದ ಡಬ್ಬಿಯನ್ನು ಗೇಟಿನ ಬಳಿ ಇಡಗೊಡುವುದಿಲ್ಲ ಎಂದು ಮಸೀದಿಯ ಕಮಿಟಿಯವರು, ಜಾತ್ರೆಯ ಕಮಿಟಿಯವರು ಒಂದು ಮಾತು ಹೇಳಿದರೆ ಅದಕ್ಕೆ ಯಾವ ಕಾಯ್ದೆಯೂ ಬೇಕಿಲ್ಲ.

ಖಾಲಾ ಈಗಲೂ ಹೊಟ್ಟೆ ಉಬ್ಬರಿಸಿದರೆ ಅಜವಾನ ಜಗಿಯುತ್ತಾರೆ, ಮಕ್ಕಳಿಗೆ ಶೀತವಾದರೆ ದೊಡ್ಡಪತ್ರೆಯ ರಸ ಹಿಂಡುತ್ತಾರೆ. ನಾನು ಬೇಡವೆನ್ನುವುದಿಲ್ಲ. ಹೊಸದಾಗಿ ಯಾರಾದರೂ ಸೀಸೆಯೋ ಡಬ್ಬಿಯೋ ತಂದರೆ ಮಾತ್ರ ಕನ್ನಡಕ ಹಾಕಿಕೊಂಡು ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆಮೇಲೆ ನನಗೆ ಕೊಡುತ್ತಾರೆ. "ಒಳ್ಳೆಯದನ್ನು ಓದಬೇಡ, ಅದು ನನಗೆ ಗೊತ್ತು. ಕೆಟ್ಟದ್ದು ಏನು ಬರೆದಿದ್ದಾರೆ, ಅದನ್ನು ಓದು" ಎನ್ನುತ್ತಾರೆ. ಇದುವರೆಗೆ ಓದಲು ನನಗೆ ಒಂದು ಸಾಲೂ ಸಿಕ್ಕಿಲ್ಲ.